ಎಂಜಿನ್ ನಿಂತ ರಾತ್ರಿಗಳು

ದೀಪಶ್ರೀಯ ಎಡಗೈಗೆ ನಿದ್ದೆ ಅಳೆಯುವ ಕಪ್ಪು ಪಟ್ಟಿ ಕಟ್ಟಿದ ದಿನ ಬಣಕಲ್ ಸುತ್ತಿನ ತೋಟಗಳಲ್ಲಿ ರೋಬಸ್ಟಾ ಕಾಫಿಯ ಕೊಯ್ಲು ಮುಗಿದು ಎರಡು ವಾರವಾಗಿತ್ತು. ಗಿಡಗಳ ಗೆಣ್ಣು ಗೆಣ್ಣಿನಲ್ಲೂ ಮೊಗ್ಗು ಕಟ್ಟಿ, ನೀರು ಬೀಳುವುದನ್ನೇ ಕಾಯುತ್ತಿತ್ತು. ಪಟ್ಟಿ ಕಟ್ಟಿದವರು ಕವನಾ ಎಂಬ ಸಂಶೋಧಕಿ. ಮೈಸೂರಿನ ಹತ್ತಿರದ ಒಂದು ಕ್ರೀಡಾ ತರಬೇತಿ ಕೇಂದ್ರದಿಂದ ಬಂದಿದ್ದರು. ಮೂಡಿಗೆರೆಯ ಮೈದಾನದಲ್ಲಿ ಎಂಟು ಹುಡುಗಿಯರನ್ನು ಸಾವಿರದೈನೂರು ಮೀಟರ್ ಓಡಿಸಿ, ಸಮಯ ಬರೆದುಕೊಂಡು, ಎಲ್ಲರನ್ನೂ ಮರದ ನೆರಳಿಗೆ ಕೂರಿಸಿ ಮಾತಾಡಿದರು.

“ನೀವೆಲ್ಲ ಗಟ್ಟಿ ಓಡ್ತೀರಿ. ಆದರೆ ನಿದ್ದೆಗೆಟ್ಟ ಮೈಯಲ್ಲಿ ಓಡ್ತಾ ಇದ್ದೀರಿ. ತುಂಬ ನಿದ್ದೆ ಮಾಡಿದ ಮೈ ಎಷ್ಟು ಓಡುತ್ತೆ ಅಂತ ನಮಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಅದನ್ನ ನೋಡೋಣ.”

ಓಟದಲ್ಲಿ ಹರಿದ ಸ್ನಾಯು ಕೂಡಿಕೊಳ್ಳುವುದು ನಿದ್ದೆಯಲ್ಲಿ, ಕಾಲು ಉಳುಕುವುದು, ಪದೇ ಪದೇ ನೆಗಡಿಯಾಗುವುದು ನಿದ್ದೆ ಕಡಿಮೆಯಾದವರಿಗೇ ಹೆಚ್ಚು ಎಂದೆಲ್ಲ ವಿವರಿಸಿದರು. ಆಮೇಲೆ ನಿಯಮ ಹೇಳಿದರು. ಇಪ್ಪತ್ತೊಂದು ರಾತ್ರಿ ಪಟ್ಟಿ ಕೈಯಲ್ಲೇ ಇರಬೇಕು. ಅದರಲ್ಲಿ ಹನ್ನೆರಡು ರಾತ್ರಿಯಾದರೂ ಎಂಟು ಗಂಟೆ ನಿದ್ದೆ ಆಗಿರಬೇಕು. ಕೊನೆಯಲ್ಲಿ ಮತ್ತೆ ಇದೇ ಓಟ. ಎಂಟು ಜನರಲ್ಲಿ ಮೂವರಿಗೆ ಕೇಂದ್ರದಲ್ಲಿ ಒಂದು ವರ್ಷದ ತರಬೇತಿ, ಊಟ, ವಸತಿ. ಹನ್ನೆರಡು ರಾತ್ರಿ ತುಂಬದವರನ್ನು ಆಯ್ಕೆಗೆ ತೆಗೆದುಕೊಳ್ಳುವುದಿಲ್ಲ.

ದೀಪಶ್ರೀ ಅವತ್ತು ಓಡಿದ್ದು ಐದು ನಿಮಿಷ ಆರು ಸೆಕೆಂಡು. ಎಂಟರಲ್ಲಿ ಐದನೆಯವಳು. ಎರಡು ವರ್ಷದಿಂದ ಆ ಐದು ನಿಮಿಷದ ಗೋಡೆಗೆ ಮುಖ ಒಡ್ಡಿ ನಿಂತವಳಿಗೆ ಮಲಗಿದರೆ ಅದು ಬೀಳುತ್ತದೆ ಎಂದು ಯಾರೋ ಹೇಳಿದ್ದು ಇದೇ ಮೊದಲು. ಅವಳನ್ನು ಓಡಿಸುತ್ತಿದ್ದ ಕಾಲೇಜಿನ ಪಿ.ಟಿ. ಮಾಸ್ಟ್ರು ಶಶಿಧರ್ ಬಸ್‌ಸ್ಟ್ಯಾಂಡಿನವರೆಗೂ ಜೊತೆಗೆ ಬಂದು ಹೇಳಿದ್ದು ಒಂದೇ ಮಾತು.

“ಮಲಗೋದಕ್ಕೆ ಮಾರ್ಕ್ಸ್ ಕೊಡೋ ಪರೀಕ್ಷೆ ಇನ್ನೊಂದು ಸಿಗಲ್ಲ ಕಣೆ. ಇದ್ರಲ್ಲಿ ಫೇಲಾಗಿ ಬರಬೇಡ.”

ಕವನಾ ಮೇಡಂ ಕೊಟ್ಟ ಸೂಚನೆಯ ಹಾಳೆಯನ್ನು ಅಮ್ಮ ಅಡಿಗೆಮನೆ ಬಾಗಿಲಿಗೆ ಅಂಟಿಸಿದಳು. ಕೋಣೆ ಕತ್ತಲಾಗಿರಬೇಕು. ತಣ್ಣಗಿರಬೇಕು. ಸದ್ದಿರಬಾರದು. ಮಲಗುವ ಹೊತ್ತಿಗೆ ಫೋನ್ ನೋಡಬಾರದು. ಮಧ್ಯಾಹ್ನದ ಮೇಲೆ ಕಾಫಿ ಕುಡಿಯಬಾರದು. ಅಜ್ಜಿ ಪಾಪಮ್ಮ ಕೊನೆಯದನ್ನು ಎರಡು ಸಲ ಓದಿಸಿಕೊಂಡರು.

“ಕಾಫಿ ಬೆಳೆಯೋರ ಮನೇಲಿ ಕಾಫಿ ಕುಡೀಬೇಡಿ ಅಂತ ಅಂಟಿಸ್ತೀಯಲ್ಲೇ. ಹೊರಗಡೆಯಿಂದ ಯಾರಾದ್ರೂ ಬಂದು ನೋಡಿದ್ರೆ ಎಂತ ಅಂದ್ಕೊಳ್ಳಲ್ಲ?”

“ಅವಳಿಗೆ ಮಾತ್ರ ಅತ್ತೆ. ನಿಮಗಲ್ಲ.”

“ನಂಗೆ ಕುಡಿದ್ರೂ ನಿದ್ದೆ ಬರಲ್ಲ, ಬಿಟ್ರೂ ಬರಲ್ಲ. ಹಾಳೇಲಿ ನನ್ನಂಥೋರಿಗೆ ಏನಾದ್ರೂ ಬರ್ದಿದಾರಾ ನೋಡು.”

ಮೊದಲ ಐದು ರಾತ್ರಿ ಸಲೀಸಾಗಿ ಕಳೆದವು. ಎಂಟಕ್ಕೆ ಊಟ, ಎಂಟೂವರೆಗೆ ಹಾಸಿಗೆ, ಬೆಳಿಗ್ಗೆ ಐದಕ್ಕೆ ಎಚ್ಚರ. ಎದ್ದು ಪಟ್ಟಿಯ ಗಾಜು ಒತ್ತಿದರೆ ಎಂಟು ಗಂಟೆಯ ಮೇಲೆ ಹತ್ತು ನಿಮಿಷ, ಐದು ನಿಮಿಷ ಕಾಣುತ್ತಿತ್ತು. ಐದಕ್ಕೆ ಐದು. ಓಡುವಾಗ ತೊಡೆಯ ಭಾರ ಇಳಿದಿರುವುದು ಅವಳಿಗೇ ಗೊತ್ತಾಗುತ್ತಿತ್ತು.

ಆರನೆಯ ದಿನ ಅಪ್ಪ ರೇವಣ್ಣ ಹಳ್ಳದಲ್ಲಿ ಎಂಜಿನ್ ಇಳಿಸಿದ.

ಅವರದು ನಾಲ್ಕು ಎಕರೆ. ಪಕ್ಕದ ಮೂರು ಎಕರೆ, ಬಣಕಲ್ಲಿನಲ್ಲಿ ವರ್ಕ್‌ಶಾಪ್ ಇಟ್ಟಿದ್ದ ಮೊಯ್ದುವಿನದು. ಎರಡು ಮನೆಗೂ ಸೇರಿ ನೀರೆತ್ತುವ ಒಂದೇ ಡೀಸೆಲ್ ಎಂಜಿನ್. ಮೊಗ್ಗು ಹದಕ್ಕೆ ಬಂದಾಗ ತೋಟಕ್ಕೆಲ್ಲ ಮಳೆ ಹುಯ್ದ ಹಾಗೆ ಜೆಟ್‌ನಿಂದ ನೀರು ಹಾರಿಸಬೇಕು, ಅದೂ ಕೆಲವೇ ದಿನಗಳೊಳಗೆ. ತಡವಾದರೆ ಮೊಗ್ಗು ಗಿಡದಲ್ಲೇ ಕರಕಲಾಗಿ ಆ ವರ್ಷದ ಫಸಲು ಅಲ್ಲಿಗೆ ಮುಗಿಯಿತು. ಹಾಗಾಗಿ ಹಗಲು ಮೊಯ್ದುವಿನ ಆಳುಗಳು, ರಾತ್ರಿ ರೇವಣ್ಣನ ಮನೆಯವರು. ಮೂರು ಗಂಟೆಗೊಮ್ಮೆ ಎಂಜಿನ್ ನಿಲ್ಲಿಸಿ, ಪೈಪುಗಳನ್ನು ಬಿಚ್ಚಿ, ಮುಂದಿನ ಸಾಲಿಗೆ ಹೊತ್ತು ಹಾಕಿ, ಮತ್ತೆ ಎಂಜಿನ್ ಹೊಡೆಯಬೇಕು. ಐದನೆಯ ಕ್ಲಾಸಿನಿಂದಲೂ ದೀಪಶ್ರೀಗೆ ಆ ದಿನಗಳಲ್ಲಿ ಒಂದು ಕೆಲಸ ಮೀಸಲಾಗಿತ್ತು. ಅಪ್ಪ ಅಮ್ಮ ಎರಡು ಶಿಫ್ಟಿನ ನಡುವೆ ಕಣ್ಣು ಮುಚ್ಚಿದಾಗ ಎಂಜಿನ್ನಿನ ಸದ್ದಿಗೆ ಕಿವಿ ಕೊಟ್ಟು ಮಲಗುವುದು. ಹಳ್ಳದೊಳಗಿನ ಪೈಪಿನ ತುದಿಯ ಫುಟ್‌ವಾಲ್ವಿಗೆ ಎಲೆ ಸಿಕ್ಕಿ ಗಾಳಿ ಎಳೆದರೆ, ಡೀಸೆಲ್ ಮುಗಿದರೆ, ಪೈಪು ಬಿಟ್ಟುಕೊಂಡರೆ ಸದ್ದು ಬದಲಾಗುತ್ತದೆ, ಇಲ್ಲವೇ ನಿಲ್ಲುತ್ತದೆ. ಆಗ ಅವಳು ಎದ್ದು ಅಪ್ಪನನ್ನು ಎಬ್ಬಿಸಬೇಕು. ಏಳು ವರ್ಷದಲ್ಲಿ ಒಂದು ಸಲವೂ ತಪ್ಪಿರಲಿಲ್ಲ. ಸಂಬಂಧಿಕರು ಬಂದಾಗ ರೇವಣ್ಣ ಅದನ್ನು ಹೇಳಿಕೊಳ್ಳುತ್ತಿದ್ದ.

“ಈ ವರ್ಷ ನೀನು ಏಳೋದು ಬೇಡ ಪುಟ್ಟಿ,” ಎಂದ ಅಪ್ಪ ಅವತ್ತು ಸಂಜೆ. “ನಾವಿಬ್ಬರೇ ನೋಡ್ಕೊತೀವಿ.”

ಅವಳೂ ಏಳಬಾರದೆಂದೇ ಮಲಗಿದಳು. ಆದರೆ ಒಂಬತ್ತಕ್ಕೆ ಎಂಜಿನ್ ನಿಂತಿತು, ಅವಳ ಕಣ್ಣು ತೆರೆಯಿತು. ಹನ್ನೆರಡಕ್ಕೆ ನಿಂತಿತು, ತೆರೆಯಿತು. ಮೂರಕ್ಕೂ ಹಾಗೇ. ಪೈಪು ಹಾಕಿ ಮತ್ತೆ ಎಂಜಿನ್ ಹೊಡೆದುಕೊಳ್ಳುವವರೆಗೆ ಅವಳು ಹಾಸಿಗೆಯಲ್ಲಿ ಉಸಿರು ಹಿಡಿದು ಕಾಯುತ್ತಿದ್ದಳು. ಬೆಳಿಗ್ಗೆ ಪಟ್ಟಿ ತೋರಿಸಿದ್ದು ಐದು ಗಂಟೆ ನಲವತ್ತು ನಿಮಿಷ. ಮರುದಿನವೂ, ಅದರ ಮರುದಿನವೂ ಅಷ್ಟೇ.

ಮೂರನೆಯ ಬೆಳಿಗ್ಗೆ ರೇವಣ್ಣ ಮಗಳ ಕೈ ಹಿಡಿದು ತಾನೇ ಗಾಜು ಒತ್ತಿ ನೋಡಿದ. ನೇರ ಹಳ್ಳಕ್ಕೆ ಇಳಿದ. ಮೊಯ್ದು ಹಗಲ ಪಾಳಿಯ ಆಳುಗಳಿಗೆ ಸಾಲು ತೋರಿಸುತ್ತ ಅಲ್ಲೇ ಇದ್ದ. ಹಿಂದೆ ಬುತ್ತಿ ಹಿಡಿದು ಬಂದ ದೀಪಶ್ರೀಗೆ ಮಾತು ಕೇಳಿಸಿತು.

“ರಾತ್ರಿ ಎಂಜಿನ್ ಬೇಡ ಮೊಯ್ದು. ಹಗಲನ್ನೇ ಅರ್ಧ ಅರ್ಧ ಮಾಡ್ಕೊಳ್ಳೋಣ.”

“ತಲೆ ಸರಿ ಇದೆಯಾ ಮಾರಾಯ ನಿಂಗೆ? ಹಳ್ಳದ ನೀರು ನೋಡು. ದಿನಾ ಒಂದು ಬೆರಳು ಇಳೀತಾ ಉಂಟು. ಎಂಟು ದಿನದ ಕೆಲಸ ಹದಿನಾರು ದಿನ ಆಗ್ತದೆ. ನಿನ್ನ ತೋಟದ ಮೇಲಿನ ತುಂಡಿಗೆ ನೀರು ಹೋಗೋದು ಯಾವಾಗ?”

“ಹುಡುಗಿಗೆ ನಿದ್ದೆ ಬೇಕು. ಹಾಳೇಲಿ ಸದ್ದು ಇರಬಾರ್ದು ಅಂತ ಬರ್ದಿದಾರೆ.”

ಮೊಯ್ದು ತಿರುಗಿ ದೀಪಶ್ರೀಯನ್ನು ನೋಡಿದ. ನಕ್ಕ.

“ಇನ್ನು ನಾಲ್ಕು ದಿನಕ್ಕೆ ನಮ್ಮ ರಂಜಾನ್ ಉಪವಾಸ ಶುರು. ಮೂರೂವರೆಗೆ ಎದ್ದು ಉಣ್ಣೋನು ನಾನು. ನನ್ನ ಕೈಗೂ ಒಂದು ಕಟ್ಟೋಕೆ ಹೇಳೆ ನಿಮ್ಮ ಮೇಡಂಗೆ. ಪಟ್ಟಿಗೇ ತಲೆ ತಿರುಗಿ ಬೀಳ್ತದೆ.”

ಆದರೂ ಒಪ್ಪಿದ. ಬೆಳಿಗ್ಗೆ ಆರರಿಂದ ಹನ್ನೆರಡರವರೆಗೆ ರೇವಣ್ಣ, ಹನ್ನೆರಡರಿಂದ ಆರರವರೆಗೆ ಮೊಯ್ದು. ಸಂಜೆಯ ಮೇಲೆ ಎಂಜಿನ್ ಬಂದ್.

ಆ ರಾತ್ರಿ ಮನೆ ಹೇಗೆ ಸುಮ್ಮನಾಯಿತೆಂದರೆ ಅಜ್ಜಿ ಮಗ್ಗುಲು ಬದಲಿಸಿದ್ದೂ ಕೇಳುತ್ತಿತ್ತು. ಅಮ್ಮ ಕಿಟಕಿಗೆ ಕಪ್ಪು ಟಾರ್ಪಲ್ ಕಟ್ಟಿದ್ದಳು. ಅಜ್ಜಿ ಮೊಮ್ಮಗಳ ಅಂಗಾಲಿಗೆ ಹರಳೆಣ್ಣೆ ತಿಕ್ಕಿ, ಜಾಯಿಕಾಯಿ ತೇದ ಹಾಲು ಕುಡಿಸಿದ್ದರು. ಅಪ್ಪ ನಾಯಿಯನ್ನು ಬಿಚ್ಚಿಕೊಂಡು ಹೋಗಿ ಗೊಬ್ಬರದ ಗುಂಡಿಯ ಆಚೆ ಕಟ್ಟಿ ಬಂದಿದ್ದ. ದೀಪಶ್ರೀ ಕಣ್ಣು ಮುಚ್ಚಿದಳು. ಹತ್ತು ನಿಮಿಷ ಜೊಂಪು ಹತ್ತಿತು. ಆಮೇಲೆ ಧಡಕ್ಕನೆ ಎದ್ದು ಕೂತಳು. ಎಂಜಿನ್ ನಿಂತಿದೆ.

ನಿಂತಿಲ್ಲ, ಇವತ್ತು ರಾತ್ರಿ ಹಾಕೇ ಇಲ್ಲ ಎಂದು ಬುದ್ಧಿಗೆ ಗೊತ್ತಿತ್ತು. ಮೈಗೆ ಗೊತ್ತಿರಲಿಲ್ಲ. ಪೈಪುಗಳು ತೋಟದಲ್ಲಿ ಬಿದ್ದಿವೆ, ಎಂಜಿನ್ ಹಳ್ಳದಲ್ಲಿ ಕೂತಿದೆ, ಮೇಲಿನ ತುಂಡು ಒಣಗಿ ನಿಂತಿದೆ, ಸದ್ದು ಮಾತ್ರ ಇಲ್ಲ. ಏಳು ವರ್ಷ ಅಂಥ ಹೊತ್ತಿನಲ್ಲಿ ಅವಳು ಮಾಡಿದ್ದು ಎದ್ದು ಓಡುವುದೊಂದೇ. ಮತ್ತೆ ಮಲಗಿದಳು, ಮತ್ತೆ ಎದ್ದಳು. ಬೆಳಿಗ್ಗೆ ಪಟ್ಟಿ ತೋರಿಸಿದ್ದು ನಾಲ್ಕು ಗಂಟೆ ಐವತ್ತು ನಿಮಿಷ.

“ಎಷ್ಟು ಬಂತು ಪುಟ್ಟಿ?” ಅಪ್ಪ ಕಾಫಿಲೋಟ ಹಿಡಿದು ನಿಂತಿದ್ದ.

“ಪರವಾಗಿಲ್ಲ ಅಪ್ಪ. ನಿನ್ನೆಗಿಂತ ಜಾಸ್ತಿ.”

ಅವಳು ಅಪ್ಪನಿಗೆ ಹೇಳಿದ ಆ ಸುಳ್ಳನ್ನು ಎಳೆದುಕೊಂಡೇ ಒಂದು ವಾರ ಹೋಯಿತು. ರಾತ್ರಿ ಹಾಸಿಗೆಗೆ ಬಿದ್ದರೆ ನಿದ್ದೆ ಬರಬೇಕು, ಬರಬೇಕು ಎಂದು ಹಲ್ಲು ಕಚ್ಚುತ್ತಿದ್ದಳು. ಒಂದು ರಾತ್ರಿ ಮಾತ್ರ ಮೈ ಸೋತು ಎಂಟು ಗಂಟೆ ಬಿದ್ದುಕೊಂಡಳು. ಆರು ಒಳ್ಳೆಯ ರಾತ್ರಿ, ಒಂಬತ್ತು ಕೆಟ್ಟವು. ಬೆಳಗಿನ ಓಟದಲ್ಲಿ ಶಶಿಧರ್ ಮಾಸ್ಟ್ರ ಸೀಟಿ ಕೇಳಿದರೂ ಕಾಲು ಏಳುತ್ತಿರಲಿಲ್ಲ. ಮೂಗು ಸೋರುತ್ತಿತ್ತು. ಬಸ್ಸಿನಲ್ಲಿ ಸಿಕ್ಕ ಪರಿಚಯದವರೂ ಕೇಳುತ್ತಿದ್ದರು: “ಎಂತೆ, ನಿದ್ದೆ ಪರೀಕ್ಷೆ ಅಂತಲ್ಲ ನಿಂದು? ಓದೋದು ಬೇಡ, ಬರೆಯೋದು ಬೇಡ, ಪುಣ್ಯ ಮಾಡಿದೀಯ.” ಅವಳಿಗೆ ಅವರ ಟಿಫಿನ್ ಡಬ್ಬಿ ಕಿತ್ತು ರಸ್ತೆಗೆಸೆಯುವಷ್ಟು ಸಿಟ್ಟು ಬರುತ್ತಿತ್ತು. ಮನೆಗೆ ಬಂದರೆ ಅಪ್ಪ ಮೇಲಿನ ತುಂಡಿನ ಗಿಡಗಳ ನಡುವೆ ನಿಂತು ಮೊಗ್ಗನ್ನು ಉಗುರಿನಲ್ಲಿ ಒತ್ತಿ ನೋಡುತ್ತಿರುತ್ತಿದ್ದ. ಅವಳನ್ನು ಕಂಡರೆ ಕೈ ತೆಗೆಯುತ್ತಿದ್ದ.

ಹದಿನೈದನೆಯ ರಾತ್ರಿ ಕಳೆದ ಬೆಳಿಗ್ಗೆ ಶನಿವಾರ. ಕಾಲೇಜು ಮಧ್ಯಾಹ್ನಕ್ಕೇ ಬಿಟ್ಟಿತು. ಬಸ್ಸಿಗೆ ಹೊತ್ತಿತ್ತು. ಹೆದ್ದಾರಿಯ ಪಕ್ಕ ಮೊಯ್ದುವಿನ ವರ್ಕ್‌ಶಾಪ್ ತೆರೆದಿತ್ತು. ಅವನು ಯಾರದೋ ಪಂಪ್‌ಸೆಟ್ಟಿನ ಎಂಜಿನ್ ರಿಪೇರಿ ಮಾಡಿ, ಓಡಲು ಬಿಟ್ಟು, ಪಕ್ಕದಲ್ಲಿ ಕೂತು ಕೇಳುತ್ತಿದ್ದ.

“ಕೂರು. ನಂಗೆ ಉಪವಾಸ, ನಿಂಗೆ ಬೇಕಾದ್ರೆ ಪಕ್ಕದ ಹೋಟ್ಲಿಂದ ಟೀ ಹೇಳ್ತೀನಿ.”

“ಮಧ್ಯಾಹ್ನ ಆದ್ಮೇಲೆ ಕುಡಿಯೋಹಾಗಿಲ್ಲ ಕಾಕ.”

“ಅಯ್ಯ, ನಂದಕ್ಕಿಂತ ಕಷ್ಟದ ಉಪವಾಸ ಅಲ್ವಾ ನಿಂದು.”

ಅವಳು ಹಳೆ ಜೀಪಿನ ಸೀಟಿನ ಮೇಲೆ ಕೂತು ಗೋಡೆಗೆ ಒರಗಿದಳು. ಎಂಜಿನ್ ಒಂದೇ ಸಮ ಓಡುತ್ತಿತ್ತು. ಬಸ್ಸು ಬಂತು, ಹೋಯಿತು. ಮೊಯ್ದು ಕೂಗಿದ, ಅವಳು ಏಳಲಿಲ್ಲ. ಬಾಯಿ ಅರ್ಧ ತೆರೆದು, ಬ್ಯಾಗು ಜಾರಿ ನೆಲಕ್ಕೆ ಬಿದ್ದರೂ ತಿಳಿಯದೆ ಮಲಗಿದ್ದಳು. ಪಕ್ಕದಲ್ಲಿ ಲಾರಿಯ ಹಾರ್ನ್, ಸುತ್ತಿಗೆಯ ಏಟು, ಗಿರಾಕಿಗಳ ಜಗಳ ಎಲ್ಲ ನಡೆದವು. ಎರಡೂವರೆ ಗಂಟೆ ಕಳೆದ ಮೇಲೆ ಮೊಯ್ದು ಕೈ ಒರೆಸಿಕೊಂಡು ಎಂಜಿನ್ ಆಫ್ ಮಾಡಿದ.

ಅವಳು ನೆಟ್ಟಗೆ ಎದ್ದು ನಿಂತಳು. “ಅಪ್ಪ, ಫುಟ್‌ವಾಲ್ವ್ ಗಾಳಿ ಎಳೀತು.”

ಮೊಯ್ದು ಅವಳ ಮುಖ ನೋಡಿದ. ಎಂಜಿನ್ ಮತ್ತೆ ಹೊಡೆದ. ಅವಳ ಹೆಗಲು ಇಳಿಯಿತು. ಆಫ್ ಮಾಡಿದ. ಹೆಗಲು ಏರಿತು.

“ಅಯ್ಯೋ ಮಾರಾಯ್ತಿ. ಇಷ್ಟು ದಿನ ನಾವು ಎಂಜಿನ್ ನಿಲ್ಸಿ ನಿನ್ನ ನಿದ್ದೆ ಕೆಡಿಸ್ತಾ ಇದ್ವಾ?”

ದೀಪಶ್ರೀಗೆ ಅಳು ಬಂತು. ಒಂದು ವಾರದ್ದೆಲ್ಲ ಅಲ್ಲೇ ಹೇಳಿದಳು, ಅಪ್ಪನಿಗೆ ಹೇಳಿದ ಸುಳ್ಳನ್ನೂ ಸೇರಿಸಿ. ಆರು ರಾತ್ರಿ ಉಳಿದಿವೆ, ಆರೂ ಒಳ್ಳೆಯದಾಗಬೇಕು, ಒಂದು ತಪ್ಪಿದರೂ ಮುಗಿಯಿತು ಎಂದಳು. ಮೊಯ್ದು ಅವಳನ್ನು ತನ್ನ ಪಿಕಪ್ಪಿನಲ್ಲಿ ಕೂರಿಸಿಕೊಂಡು ಮನೆಗೇ ಬಂದ.

ರೇವಣ್ಣನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಜಗಲಿಯಲ್ಲಿ ಕೂತ.

“ಒಂದು ವಾರ ಆಯ್ತಲ್ಲೇ. ಒಂದು ಮಾತು ಹೇಳೋಕೆ ಆಗ್ಲಿಲ್ವಾ ನಿಂಗೆ?”

“ನೀವು ನಂಗೋಸ್ಕರ ನಿಲ್ಸಿದ್ರಿ. ಹೇಗೆ ಹೇಳ್ಲಿ?”

“ಮೇಲಿನ ತುಂಡು ನೋಡಿದ್ಯಾ? ಕಡ್ಡಿ ಆಗ್ತಾ ಉಂಟು. ನಾನು ದಿನಾ ಅದನ್ನ ನೋಡ್ಕೊಂಡು, ಹೋಗ್ಲಿ, ಮಗಳು ಮಲಗಿದಾಳಲ್ಲ ಅಂತ...” ಅವನು ಹೆಗಲ ಟವೆಲು ತೆಗೆದು ಮಡಿಸಿದ, ಬಿಡಿಸಿದ. “ಹಾಳೇಲಿ ಸದ್ದು ಇರಬಾರ್ದು ಅಂತ ಬರ್ದಿದ್ರಲ್ಲ?”

“ಬರ್ದೋರು ನಮ್ಮನೇಲಿ ಮಲಗಿಲ್ಲ ಅಪ್ಪ.”

ಒಳಗಿನಿಂದ ಅಜ್ಜಿಯ ಮಾತು ಬಂತು. “ಜಾಯಿಕಾಯಿ ಎಲ್ಲ ದಂಡ.”

ಎಂಜಿನ್ ರಾತ್ರಿ ಓಡಬೇಕು, ಆದರೆ ಪೈಪು ಬದಲಿಸುವಾಗ ನಿಲ್ಲಬಾರದು. ದಾರಿ ಹೇಳಿದವನು ಮೊಯ್ದು. ಮುಖ್ಯ ಪೈಪು ಎರಡಾಗಿ ಕವಲೊಡೆಯುವಲ್ಲಿ ಎರಡು ಗೇಟ್‌ವಾಲ್ವ್ ಕೂರಿಸಿದರೆ ಒಂದು ಸಾಲಿನಲ್ಲಿ ನೀರು ಹಾರುತ್ತಿರುವಾಗ ಇನ್ನೊಂದನ್ನು ಬಿಚ್ಚಿ ಹಾಕಬಹುದು. ಆಮೇಲೆ ಇದನ್ನು ತೆರೆದು ಅದನ್ನು ಮುಚ್ಚಿದರಾಯಿತು.

“ಇಷ್ಟು ವರ್ಷ ಯಾಕೆ ಮಾಡ್ಲಿಲ್ಲ ಇದನ್ನ?” ಅಮ್ಮ ಕೇಳಿದಳು.

“ನಿಮ್ಮ ನಿದ್ದೆ ಯಾರೂ ಅಳೀಲಿಲ್ವಲ್ಲ ಅಕ್ಕ,” ಎಂದ ಮೊಯ್ದು.

ಸಂಜೆಯ ಹೊತ್ತಿಗೆ ಉಪವಾಸ ಬಿಟ್ಟು ಬಂದು, ಟಾರ್ಚಿನ ಬೆಳಕಿನಲ್ಲಿ ಅವನೇ ವಾಲ್ವ್ ಕೂರಿಸಿದ. ಹೇಗೂ ಮೂರೂವರೆಗೆ ಉಣ್ಣಲು ಏಳುವವನಾದ್ದರಿಂದ ಮೂರರ ಪಾಳಿ ತನಗಿರಲಿ ಎಂದ. ಎಂಟೂವರೆಗೆ ದೀಪಶ್ರೀ ಮಲಗಿದಳು. ಕಿಟಕಿಯ ಟಾರ್ಪಲನ್ನು ಬಿಚ್ಚಿಸಿದ್ದಳು. ಹಳ್ಳದ ಕಡೆಯಿಂದ ಎಂಜಿನ್ನಿನ ಸದ್ದು ಗೋಡೆಯವರೆಗೆ ಬಂದು, ಮಂಚದ ಕಾಲಿನವರೆಗೆ ಬಂದು, ಆಮೇಲೆ ಅವಳಿಗೆ ಏನೂ ತಿಳಿಯಲಿಲ್ಲ. ಬೆಳಿಗ್ಗೆ ಎಂಟು ಗಂಟೆ ಇಪ್ಪತ್ತು ನಿಮಿಷ.

ಮರುದಿನ ಎಂಟು ಹದಿನೈದು. ಅದರ ಮರುದಿನ ಎಂಟು ಇಪ್ಪತ್ತೈದು. ಒಂಬತ್ತು ತುಂಬಿತು. ಮಂಗಳವಾರ ಬೆಳಿಗ್ಗೆ ರಸ್ತೆಯಲ್ಲಿ ಓಡುವಾಗ ಶಶಿಧರ್ ಮಾಸ್ಟ್ರು ಬೈಕಿನಲ್ಲಿ ಪಕ್ಕಕ್ಕೆ ಬಂದು, ಸ್ಟಾಪ್‌ವಾಚ್ ನೋಡಿ, ಏನೂ ಹೇಳದೆ ಮುಂದೆ ಹೋದರು. ಅವರು ಮಾತಾಡದಿದ್ದರೆ ಓಟ ಚೆನ್ನಾಗಿದೆ ಎಂದರ್ಥ.

ಹತ್ತೊಂಬತ್ತನೆಯ ರಾತ್ರಿ ಎರಡು ಗಂಟೆಗೆ ಮಳೆ ಬಂತು.

ಯಾರೂ ಕಾದಿರಲಿಲ್ಲ. ಗುಡುಗು ಕೂಡ ಇರಲಿಲ್ಲ. ಅಮ್ಮ ಅಂಗಳಕ್ಕೆ ಓಡಿ ಪಾತ್ರೆ ಇಟ್ಟಳು. ರೇವಣ್ಣ ಕೊಡೆಯನ್ನೂ ಹಿಡಿಯದೆ ಹಳ್ಳಕ್ಕೆ ಹೋದ. ಆಕಾಶವೇ ನೀರು ಕೊಡುವಾಗ ಯಾವ ಕಾಫಿ ಬೆಳೆಗಾರನೂ ಡೀಸೆಲ್ ಸುಡುವುದಿಲ್ಲ. ಅವನ ಕೈ ತಾನಾಗಿ ಎಂಜಿನ್ನಿನ ಮೇಲೆ ಹೋಯಿತು, ನಿಲ್ಲಿಸಿತು.

ದೀಪಶ್ರೀ ಎದ್ದು ಕೂತಳು. ಹೆಂಚಿನ ಮೇಲೆ ಮಳೆ ಬಲವಾಗಿ ಬೀಳುತ್ತಿತ್ತು. ಅಪ್ಪ ನೆನೆದುಕೊಂಡು ಬಂದು ಅಂಗಳದಲ್ಲಿ ನಿಂತು ಅಮ್ಮನಿಗೆ ಹೇಳುತ್ತಿದ್ದ, “ಒಂದೂವರೆ ಇಂಚು ಬರ್ತದೆ ಕಣೆ, ಮೇಲಿನ ತುಂಡು ಬದುಕ್ತು.” ಎಷ್ಟೋ ದಿನದಿಂದ ಅವನ ದನಿ ಹಾಗೆ ಇರಲಿಲ್ಲ. ಅವಳು ಮತ್ತೆ ಮಲಗಿ ಕಣ್ಣು ಮುಚ್ಚಿದಳು. ಈಗ ನಿದ್ದೆ ಬಂದರೆ ಇನ್ನೂ ತುಂಬೀತು ಎಂದು ಎಣಿಸಿದಳು. ಎಣಿಸಿದ್ದೇ ತಪ್ಪಾಯಿತು. ಬೆಳಕು ಹರಿಯುವವರೆಗೆ ಮಳೆಯನ್ನು, ಅಪ್ಪನ ಸಂತೋಷವನ್ನು, ತನ್ನ ಕಿವಿಯನ್ನು ಬೈಯುತ್ತ ಮಲಗಿದ್ದಳು. ಪಟ್ಟಿ ಐದು ಗಂಟೆ ಇಪ್ಪತ್ತು ನಿಮಿಷ ಎಂದಿತು.

ಬೆಳಿಗ್ಗೆ ಅಪ್ಪನಿಗೆ ಹೇಳಬೇಕಾಗಲಿಲ್ಲ. ಅವಳ ಮುಖ ನೋಡಿದ ಕೂಡಲೇ ಅವನಿಗೆ ನೆನಪಾಯಿತು. ಕಾಫಿಲೋಟ ಕೆಳಗಿಟ್ಟ.

“ನಂಗೆ ಹೊಳೀಲೇ ಇಲ್ಲ ಪುಟ್ಟಿ. ಮಳೆ ನೋಡಿ...”

“ಇರ್ಲಿ ಅಪ್ಪ.”

ಉಳಿದ ಎರಡು ರಾತ್ರಿ ಅವಳು ಕಲ್ಲಿನ ಹಾಗೆ ಮಲಗಿದಳು. ತೋಟಕ್ಕೆ ನೀರಿನ ಕೆಲಸ ಮುಗಿದಿತ್ತು, ಎಂಜಿನ್ ಕೊಟ್ಟಿಗೆ ಸೇರಿತ್ತು, ಮನೆ ಸುಮ್ಮನಿತ್ತು, ಕಿವಿಗೆ ಕಾಯಲು ಏನೂ ಉಳಿದಿರಲಿಲ್ಲ. ಒಂಬತ್ತು ಗಂಟೆ, ಎಂಟು ಮುಕ್ಕಾಲು. ಎಲ್ಲ ಸೇರಿ ಹನ್ನೊಂದು.

ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ಶಶಿಧರ್ ಮಾಸ್ಟ್ರು ಬೈಕಿನಲ್ಲಿ ಮನೆಗೇ ಬಂದರು. ರಾತ್ರಿಗಳ ಲೆಕ್ಕ ತುಂಬಿ ಕೊಡುವ ಫಾರಂ ಅವಳ ಮುಂದಿತ್ತು. ಕಡಿಮೆಯಾದ ಪ್ರತಿ ರಾತ್ರಿಯ ಎದುರು ಕಾರಣ ಬರೆಯಲು ಒಂದು ಗೆರೆ ಇತ್ತು. ಮಾಸ್ಟ್ರು ಫಾರಂ ತಿರುಗಿಸಿ ಹಿಂಬದಿಯ ನಿಯಮದ ಮೇಲೆ ಬೆರಳಿಟ್ಟರು.

“ಇಲ್ಲಿ ನೋಡು. ಜ್ವರ ಬಂದ ರಾತ್ರಿ ಬಿಟ್ಟು, ಕೊನೇಲಿ ಒಂದು ರಾತ್ರಿ ಸೇರಿಸ್ಕೋಬಹುದು. ಹತ್ತೊಂಬತ್ತಕ್ಕೆ ಜ್ವರ ಅಂತ ಬರಿ. ಇವತ್ತು ರಾತ್ರಿ ಮಲಗು. ಹನ್ನೆರಡು ಆಯ್ತು. ಓಟ ನಾಳೆ ಮಧ್ಯಾಹ್ನ ತಾನೇ, ನಾನು ಮೇಡಂಗೆ ಫೋನ್ ಮಾಡ್ತೀನಿ.”

“ಜ್ವರ ಬಂದಿಲ್ವಲ್ಲ ಸಾರ್.”

“ನೆಗಡಿ ಆಗಿತ್ತಲ್ಲ ಹೋದ ವಾರ.”

“ಬರಿ ಪುಟ್ಟಿ,” ಎಂದ ಅಪ್ಪ. “ನಾನು ಮಾಡಿದ ತಪ್ಪಿಗೆ ನಿನ್ನ ವರ್ಷ ಹಾಳಾಗೋದು ಬೇಡ. ಒಂದು ಪದ ಅಷ್ಟೇ.”

ಅವಳು ಪೆನ್ನು ತೆಗೆದುಕೊಂಡಳು. ಬರೆದೂಬಿಡುತ್ತಿದ್ದಳೇನೋ. ಆದರೆ ಆರನೆಯ ರಾತ್ರಿಯಿಂದ ಶುರುವಾಗಿ ಹತ್ತು ಖಾಲಿ ಗೆರೆಗಳು ಕಣ್ಣೆದುರಿಗಿದ್ದವು. ಮೂರು ವಾರ ಎಲ್ಲರೂ ಅವಳ ನಿದ್ದೆಯನ್ನು ಹಿಡಿದು ಎಳೆದಾಡಿದ್ದರು. ಎಣ್ಣೆ ತಿಕ್ಕಿ, ಟಾರ್ಪಲ್ ಕಟ್ಟಿ, ಎಂಜಿನ್ ನಿಲ್ಲಿಸಿ, ಎಂಜಿನ್ ಓಡಿಸಿ. ಕೊನೆಗೆ ಕಾಗದದ ಮೇಲೂ ಬೇರೆ ಯಾರದೋ ನಿದ್ದೆ ಇರಬೇಕೆ? ಅವಳು ಆರು, ಏಳು, ಎಂಟನೆಯ ರಾತ್ರಿಗಳ ಎದುರು ‘ಪೈಪ್ ಬದಲಿಸಲು ಎಂಜಿನ್ ನಿಂತಾಗ ಎಚ್ಚರ’ ಎಂದು ಬರೆದಳು. ಒಂಬತ್ತರ ಎದುರು, ಆ ವಾರದ ಉಳಿದ ಕೆಟ್ಟ ರಾತ್ರಿಗಳ ಎದುರೂ ‘ಎಂಜಿನ್ ಇರಲಿಲ್ಲ, ಅದಕ್ಕೆ ಎಚ್ಚರ’ ಎಂದು ಬರೆದಳು. ಹತ್ತೊಂಬತ್ತರ ಎದುರು ಬರೆದದ್ದು ‘ಮಳೆ ಬಂದು ಎಂಜಿನ್ ನಿಲ್ಲಿಸಿದರು’.

“ಹಟ ಅಂದ್ರೆ ಹಟ,” ಎಂದ ಅಪ್ಪ. “ಹಾಗಾದ್ರೆ ನಾನು ಅಷ್ಟು ದಿನ ಮೊಗ್ಗು ಒಣಗಿಸಿದ್ದು ಎಂತಕ್ಕೆ? ಹೇಳು.”

“ಅದನ್ನೇ ಬರ್ದಿದೀನಿ ಅಪ್ಪ. ಎಂತಕ್ಕೆ ಅಂತ.”

ಮಾಸ್ಟ್ರು ಹೆಲ್ಮೆಟ್ ಹಾಕಿಕೊಂಡರು. “ನಾಳೆ ಗಟ್ಟಿ ಓಡು,” ಎಂದಷ್ಟೇ ಹೇಳಿ ಹೋದರು.

ಅವಳು ಗಟ್ಟಿಯಾಗಿಯೇ ಓಡಿದಳು. ಮೂಡಿಗೆರೆಯ ಮೈದಾನದಲ್ಲಿ ಮೂರನೆಯ ಸುತ್ತಿನವರೆಗೆ ನಾಲ್ಕನೆಯವಳಾಗಿದ್ದು, ಕೊನೆಯ ಮುನ್ನೂರು ಮೀಟರಿನಲ್ಲಿ ಇಬ್ಬರನ್ನು ದಾಟಿದಳು. ನಾಲ್ಕು ನಿಮಿಷ ಐವತ್ತೇಳು ಸೆಕೆಂಡು. ಎಂಟರಲ್ಲಿ ಎರಡನೆಯವಳು. ಗೋಡೆ ಬಿದ್ದಿತ್ತು. ಮೊಣಕಾಲಿನ ಮೇಲೆ ಕೈ ಇಟ್ಟು ಬಗ್ಗಿ ನಿಂತವಳಿಗೆ ಅದಕ್ಕೆ ಸಂತೋಷಪಡಲು ಬಿಡದೆ ಹನ್ನೊಂದು ಎಂಬ ಅಂಕಿ ತಲೆಯಲ್ಲಿ ಕೂತಿತ್ತು.

ಕವನಾ ಮೇಡಂ ಮರದ ಕೆಳಗೆ ಮೇಜು ಕುರ್ಚಿ ಹಾಕಿಕೊಂಡು ಒಬ್ಬೊಬ್ಬರನ್ನೇ ಕರೆದು ಫಾರಂ ನೋಡುತ್ತಿದ್ದರು. ದೀಪಶ್ರೀಯದನ್ನು ಓದುತ್ತ ಓದುತ್ತ ನಿಧಾನವಾದರು. ಒಂಬತ್ತನೆಯ ಗೆರೆಯ ಹತ್ತಿರ ಕನ್ನಡಕ ಮೇಲೆತ್ತಿಕೊಂಡರು.

“ಇದೇನು? ಎಂಜಿನ್ ಇರಲಿಲ್ಲ, ಅದಕ್ಕೆ ಎಚ್ಚರ?”

ಅವಳು ಹೇಳಿದಳು. ಮೊದಲು ಚುಟುಕಾಗಿ, ಆಮೇಲೆ ಮೇಡಂ ಕೇಳಿದ್ದಕ್ಕೆಲ್ಲ ವಿವರವಾಗಿ. ಎಷ್ಟನೆಯ ವಯಸ್ಸಿನಿಂದ? ಎಂಜಿನ್ ಎಷ್ಟು ದೂರ? ಅಪ್ಪ ಅಮ್ಮನೂ ಹಾಗೇನಾ? ವರ್ಕ್‌ಶಾಪಿನಲ್ಲಿ ಎಷ್ಟು ಹೊತ್ತು ಮಲಗಿದ್ದೆ? ಮೇಡಂ ಬ್ಯಾಗಿನಿಂದ ಬೇರೆ ನೋಟ್‌ಪುಸ್ತಕ ತೆಗೆದು ವೇಗವಾಗಿ ಬರೆಯತೊಡಗಿದರು. ಅವರ ಕಣ್ಣು ಹೊಳೆಯುತ್ತಿತ್ತು.

“ನಾವು ಎಲ್ಲರಿಗೂ ಒಂದೇ ಹಾಳೆ ಕೊಟ್ಟು ಸದ್ದು ಬೇಡ ಅಂತೀವಿ. ಹೀಗೂ ಇರುತ್ತೆ ಅಂತ ಯೋಚನೆ ಮಾಡಿರಲಿಲ್ಲ. ಬೇರೆಯವರೆಲ್ಲ ಮೊಬೈಲು, ಸೊಳ್ಳೆ ಅಂತ ಬರ್ದಿದ್ದಾರೆ. ನಿನ್ನದು ತುಂಬ ಮುಖ್ಯವಾದ ಮಾಹಿತಿ ದೀಪಶ್ರೀ.”

“ಹಾಗಾದ್ರೆ ನನ್ನನ್ನ ಲೆಕ್ಕಕ್ಕೆ ತಗೊಳ್ತೀರಾ ಮೇಡಂ?”

ಮೇಡಂ ಪೆನ್ನು ಕೆಳಗಿಟ್ಟರು. ಮೈದಾನದ ಆಚೆ ಯಾರೋ ಹುಡುಗಿಯರು ನಗುತ್ತಿದ್ದರು.

“ಹನ್ನೊಂದು ಆಗಿದೆಯಲ್ಲ,” ಎಂದರು. “ನಿಯಮ ನಾನೊಬ್ಬಳೇ ಮಾಡಿದ್ದಲ್ಲ. ಒಬ್ಬರಿಗೆ ಸಡಿಲ ಮಾಡಿದರೆ ಉಳಿದವರಿಗೆ ಅನ್ಯಾಯ ಆಗುತ್ತೆ. ಆದರೆ ಮುಂದಿನ ವರ್ಷ ಇದೇ ಹೊತ್ತಿಗೆ ನಿಮ್ಮ ಮನೆಗೆ ಬರಬಹುದಾ? ಅಪ್ಪ, ಅಮ್ಮ, ನೀನು, ಎಲ್ಲರಿಗೂ ಪಟ್ಟಿ ಕಟ್ಟಿ ನೋಡಬೇಕು.”

“ನಾನು ಎರಡನೆಯವಳಾಗಿ ಬಂದೆ ಮೇಡಂ.”

“ಗೊತ್ತು. ನೋಡಿದೆ.”

ದೀಪಶ್ರೀ ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟಳು.

ಗೇಟಿನ ಹೊರಗೆ ಅಪ್ಪ ನಿಂತಿದ್ದ. ಬೆಳಿಗ್ಗೆಯಿಂದ ಅವಳ ಜೊತೆ ಮಾತಾಡಿರಲಿಲ್ಲ. ಆದರೂ ಓಟದ ಹೊತ್ತಿಗೆ ಬಂದು ಬೇಲಿಯಾಚೆಯಿಂದ ನೋಡಿದ್ದ.

“ಎಂತಂದ್ರು?”

“ನನ್ನ ನಿದ್ದೆ ಬೇಕಂತೆ ಅಪ್ಪ. ನಾನು ಬೇಡ್ವಂತೆ.”

ರೇವಣ್ಣ ಮೈದಾನದ ಕಡೆ ನೋಡಿದ. ಬಾಯಿಗೆ ಬಂದ ಒಂದು ಬೈಗುಳವನ್ನು ಅಲ್ಲೇ ನುಂಗಿದ. ಅವಳ ಬ್ಯಾಗನ್ನು ತಾನು ತೆಗೆದುಕೊಂಡ.

“ಶಶಿಧರ್ ಮಾಸ್ಟ್ರು ಏನೋ ಕೇಳ್ತಾ ಇದ್ರು. ಏಪ್ರಿಲಲ್ಲಿ ಚಿಕ್ಕಮಗಳೂರಲ್ಲಿ ಓಟ ಉಂಟಂತೆ. ಹೆಸರು ಕೊಡ್ಲಾ ಅಂತ.”

“ಅಲ್ಲೂ ಕೈಗೆ ಏನಾದ್ರೂ ಕಟ್ತಾರಾ?”

“ಇಲ್ಲ. ಬರೀ ಓಡೋದು ಅಂತೆ.”

“ಕೊಡಿ ಅನ್ನಿ,” ಎಂದಳು. ದನಿಯಲ್ಲಿ ಇನ್ನೂ ಸಿಟ್ಟಿತ್ತು. ಅಪ್ಪನಿಗಿಂತ ಮುಂದಾಗಿ, ಬಸ್‌ಸ್ಟ್ಯಾಂಡಿನ ಕಡೆಗೆ ಬಿರಬಿರನೆ ನಡೆದಳು.